ಕಾರ್ಬೊನಟೈಟ್ ಅದಿರುಗಳಲ್ಲಿ ವಿರಳ ಭೂಧಾತುಗಳ ಬಿಸಿದ್ರವ ಸಾಗಣೆ

ಭೂಮಿಯ ಆಳದಿಂದ ಮೇಲೆದ್ದ ಕಾರ್ಬೊನೇಟ್ ಶಿಲಾಪಾಕ ತಣಿಯುವಾಗ ಅದರಿಂದ ಬಿಸಿ ಉಪ್ಪುನೀರು, ಇಂಗಾಲದ ಡೈಆಕ್ಸೈಡ್, ಸೋಡಿಯಂ ಮತ್ತು ಪೊಟ್ಯಾಸಿಯಂಗಳಿಂದ ತುಂಬಿದ ದ್ರವಗಳು ಬೇರ್ಪಡುತ್ತವೆ. ಈ ದ್ರವಗಳು ಲ್ಯಾಂಥನಂ, ಸೀರಿಯಂ, ನಿಯೋಡಿಮಿಯಂ ಮುಂತಾದ ವಿರಳ ಭೂಧಾತುಗಳನ್ನು ಶಿಲೆಯೊಳಗಿಂದ ಕರಗಿಸಿ, ಬಿರುಕುಗಳ ಮೂಲಕ ಹೊತ್ತೊಯ್ದು, ಬೇರೊಂದು ಕಡೆ ಹೊಸ ಖನಿಜಗಳಾಗಿ ಇಳಿಸುವ ಕ್ರಿಯೆಯೇ ಬಿಸಿದ್ರವ ಸಾಗಣೆ. ಧಾತುಗಳನ್ನು ಭೂಚಿಪ್ಪಿನ ಕೆಳಗಿನ ಮ್ಯಾಂಟಲ್‌ನಿಂದ ಮೇಲಕ್ಕೆ ತರುವುದು ಶಿಲಾಪಾಕ. ಆದರೆ ಅವನ್ನು ಗಣಿ ತೋಡುವಷ್ಟು ಸಾಂದ್ರಗೊಳಿಸುವುದು ಬಹುಪಾಲು ಕಡೆಗಳಲ್ಲಿ ಆಮೇಲೆ ಬಂದ ದ್ರವ. ಯಾವ ರಾಸಾಯನಿಕ ಈ ಧಾತುಗಳನ್ನು ಹೊರುತ್ತದೆ, ಯಾವುದು ಕೆಳಗಿಳಿಸುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನ ಕೊಟ್ಟ ಉತ್ತರ ಕಳೆದ ಮೂರು ದಶಕಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಬದಲಾಗಿದೆ.

ಶಿಲೆ ಮತ್ತು ಧಾತುಗಳು

ಕ್ಯಾಲ್ಸೈಟ್, ಡಾಲೊಮೈಟ್, ಆಂಕರೈಟ್‌ನಂಥ ಕಾರ್ಬೊನೇಟ್ ಖನಿಜಗಳು ಅರ್ಧಕ್ಕಿಂತ ಹೆಚ್ಚಿದ್ದು, ಸಿಲಿಕಾ ಶೇ. 20ಕ್ಕಿಂತ ಕಡಿಮೆಯಿರುವ ಅಗ್ನಿಶಿಲೆಯನ್ನು ಕಾರ್ಬೊನಟೈಟ್ ಎನ್ನುತ್ತಾರೆ. ಹೊರನೋಟಕ್ಕೆ ಇದು ಅಮೃತಶಿಲೆ ಅಥವಾ ಸುಣ್ಣಕಲ್ಲಿನಂತೆ ಕಾಣುವುದರಿಂದ, ಇಂಥ ಕಲ್ಲು ಕರಗಿದ ಸ್ಥಿತಿಯಿಂದ ಹುಟ್ಟೀತು ಎಂಬುದನ್ನು ಬಹುಕಾಲ ಅನೇಕರು ಒಪ್ಪಿರಲಿಲ್ಲ. ನಾರ್ವೆಯ ಫೆನ್ ಪ್ರದೇಶವನ್ನು ಅಧ್ಯಯನ ಮಾಡಿದ ಡಬ್ಲ್ಯು. ಸಿ. ಬ್ರೋಗರ್ 1921ರಲ್ಲಿ ಅಲ್ಲಿನ ಕಾರ್ಬೊನೇಟ್ ಶಿಲೆಗಳು ಅಗ್ನಿಜನ್ಯವೆಂದು ವಾದಿಸಿದರು. 1960ರಲ್ಲಿ ಪೀಟರ್ ವೈಲಿ ಮತ್ತು ಓ. ಎಫ್. ಟಟಲ್, ನೀರಿನ ಸಮ್ಮುಖದಲ್ಲಿ ಒತ್ತಡ ಹೇರಿದರೆ ಕ್ಯಾಲ್ಸೈಟ್ ಸುಮಾರು 650 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗತೊಡಗುತ್ತದೆಂದು ಪ್ರಯೋಗಶಾಲೆಯಲ್ಲಿ ತೋರಿಸಿದರು. ಅದೇ ವರ್ಷ ಜೆ. ಬಿ. ಡಾಸನ್ ಟಾಂಜಾನಿಯಾದ ಓಲ್ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿಯ ಬಾಯಲ್ಲಿ ಕಾರ್ಬೊನೇಟ್ ಲಾವಾ ಹರಿಯುವುದನ್ನು ಕಣ್ಣಾರೆ ಕಂಡರು. ಸಂದೇಹ ಅಲ್ಲಿಗೆ ಮುಗಿಯಿತು. 2008ರಲ್ಲಿ ಪ್ರಕಟವಾದ ಜಾಗತಿಕ ಪಟ್ಟಿಯಲ್ಲಿ 527 ಕಾರ್ಬೊನಟೈಟ್ ನೆಲೆಗಳಿವೆ. ಅವುಗಳಲ್ಲಿ ವಿರಳ ಭೂಧಾತುಗಳ ಗಣಿಯಾಗಿರುವುದು ಬೆರಳೆಣಿಕೆಯಷ್ಟು ಮಾತ್ರ. ಹೀಗೇಕೆ ಎಂಬುದಕ್ಕೆ ಉತ್ತರದ ದೊಡ್ಡ ಭಾಗ ಬಿಸಿದ್ರವಗಳ ಕಥೆಯಲ್ಲಿದೆ.

ಲ್ಯಾಂಥನಂನಿಂದ ಲುಟೀಶಿಯಂವರೆಗಿನ 15 ಧಾತುಗಳ ಜೊತೆಗೆ ಇಟ್ರಿಯಂ ಮತ್ತು ಸ್ಕ್ಯಾಂಡಿಯಂ ಸೇರಿ ವಿರಳ ಭೂಧಾತುಗಳು ಒಟ್ಟು 17. ಹೆಸರಿನಲ್ಲಿ ವಿರಳ ಎಂದಿದ್ದರೂ ಭೂಚಿಪ್ಪಿನಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಅಪರೂಪವಾದದ್ದು ಅವು ಒಂದೆಡೆ ಗುಂಪುಗೂಡುವುದು. ಸಾಮಾನ್ಯವಾಗಿ ಎಲ್ಲವೂ ಮೂರು ಧನ ಆವೇಶ ಹೊತ್ತ ಅಯಾನುಗಳಾಗಿ ಇರುತ್ತವೆ. ಸೀರಿಯಂ ನಾಲ್ಕು ಆವೇಶ ತಾಳಬಲ್ಲದು, ಯುರೋಪಿಯಂ ಎರಡಕ್ಕೆ ಇಳಿಯಬಲ್ಲದು. ಹಗುರ ಲ್ಯಾಂಥನಂನಿಂದ ಭಾರದ ಲುಟೀಶಿಯಂ ಕಡೆಗೆ ಸಾಗಿದಂತೆ ಅಯಾನಿನ ಗಾತ್ರ ಮೆಲ್ಲಮೆಲ್ಲನೆ ಕುಗ್ಗುತ್ತದೆ. ಈ ಕುಗ್ಗುವಿಕೆ ಅಲ್ಪವಾದರೂ ಅದರ ಪರಿಣಾಮ ದೊಡ್ಡದು. ದ್ರವದಲ್ಲಿ ಯಾವ ಧಾತು ಯಾರ ಜೊತೆ ಎಷ್ಟು ಬಿಗಿಯಾಗಿ ಕೂಡುತ್ತದೆ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಕಾರ್ಬೊನಟೈಟ್‌ಗಳು ಹಗುರ ಧಾತುಗಳಲ್ಲಿ ಶ್ರೀಮಂತ, ಡಿಸ್ಪ್ರೋಸಿಯಂ, ಟೆರ್ಬಿಯಂನಂಥ ಭಾರದವುಗಳಲ್ಲಿ ಬಡ.

ಶಿಲಾಪಾಕದಿಂದ ದ್ರವಕ್ಕೆ

ಕ್ಯಾಲ್ಸೈಟ್ ಸ್ಫಟಿಕವಾಗುವಾಗ ವಿರಳ ಭೂಧಾತುಗಳಿಗೆ ಅದರ ಜಾಲದಲ್ಲಿ ಸಿಗುವ ಜಾಗ ಕಡಿಮೆ. ಅಪಟೈಟ್ ಎಂಬ ಖನಿಜದಲ್ಲಿ ಸ್ವಲ್ಪ ಹೆಚ್ಚು. ಆದ್ದರಿಂದ ಶಿಲಾಪಾಕ ಗಟ್ಟಿಯಾಗುತ್ತ ಬಂದಂತೆ ಉಳಿದ ಪಾಕದಲ್ಲಿ ಈ ಧಾತುಗಳ ಸಾಂದ್ರತೆ ಏರುತ್ತದೆ. ಅವುಗಳ ಜೊತೆಗೇ ನೀರು, ಕ್ಲೋರಿನ್, ಫ್ಲೋರಿನ್, ಗಂಧಕ, ಸೋಡಿಯಂ, ಪೊಟ್ಯಾಸಿಯಂ ಕೂಡ ಕೊನೆಯ ಪಾಕದಲ್ಲಿ ಗುಂಪುಗೂಡುತ್ತವೆ. ಒಂದು ಹಂತದಲ್ಲಿ ಇದನ್ನು ಪಾಕ ಎನ್ನಬೇಕೋ ದ್ರಾವಣ ಎನ್ನಬೇಕೋ ತಿಳಿಯದಂತಾಗುತ್ತದೆ. ಉಪ್ಪು ಅತಿಯಾಗಿರುವ ಈ ಮಧ್ಯಂತರ ಸ್ಥಿತಿಯನ್ನು ಇತ್ತೀಚಿನ ಬರಹಗಳಲ್ಲಿ ಲವಣಪಾಕ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಶಿಲಾಪಾಕದ ಕಾಲ ಮುಗಿದು ಬಿಸಿದ್ರವದ ಕಾಲ ಶುರುವಾಯಿತು ಎಂದು ಗೆರೆ ಎಳೆಯುವುದು ಕಾರ್ಬೊನಟೈಟ್‌ನ ಮಟ್ಟಿಗೆ ಕಷ್ಟ, ಮತ್ತು ಆ ಗೆರೆಗಾಗಿ ನಡೆದ ವಾದಗಳಲ್ಲಿ ಎಷ್ಟೋ ಶ್ರಮ ವ್ಯರ್ಥವಾಗಿದೆ ಎಂದೇ ಹೇಳಬೇಕು.

ಕೋಟ್ಯಂತರ ವರ್ಷಗಳ ಹಿಂದೆ ಹರಿದುಹೋದ ದ್ರವದ ಗುಣ ಇಂದು ತಿಳಿಯುವುದು ಹೇಗೆ? ಫ್ಲೋರೈಟ್, ಬೆರೈಟ್, ಕ್ವಾರ್ಟ್ಸ್, ಅಪಟೈಟ್ ಬೆಳೆಯುವಾಗ ದ್ರವದ ಸೂಕ್ಷ್ಮ ಹನಿಗಳು ಸ್ಫಟಿಕದೊಳಗೆ ಸಿಕ್ಕಿಬೀಳುತ್ತವೆ. ಕಲ್ಲಿನ ತೆಳುಚೂರನ್ನು ಸೂಕ್ಷ್ಮದರ್ಶಕದಡಿ ಕಾಯಿಸುತ್ತ ಹೋದರೆ ಹನಿಯೊಳಗಿನ ಗುಳ್ಳೆ ಒಂದು ತಾಪದಲ್ಲಿ ಮಾಯವಾಗುತ್ತದೆ. ದ್ರವ ಸೆರೆಯಾದಾಗ ಕನಿಷ್ಠ ಅಷ್ಟು ಬಿಸಿಯಿತ್ತು ಎಂದು ಅದರಿಂದ ಲೆಕ್ಕ. ಹನಿಯನ್ನು ಹೆಪ್ಪುಗಟ್ಟಿಸಿ ಕರಗಿಸಿದರೆ ಉಪ್ಪಿನ ಪ್ರಮಾಣ ಗೊತ್ತಾಗುತ್ತದೆ. ಹೀಗೆ ನೋಡಿದಾಗ ಕಾರ್ಬೊನಟೈಟ್‌ನ ಮೊದಲ ದ್ರವಗಳು 600 ಡಿಗ್ರಿಗೂ ಮೇಲಿನ ಕಡುಲವಣಗಳು. ಕೊನೆಯವು 100-200 ಡಿಗ್ರಿಯ, ಮಳೆನೀರು ಬೆರೆತು ತೆಳುವಾದ ದ್ರಾವಣಗಳು.

ದ್ರವ ಹೋದ ದಾರಿಗೆ ಎರಡನೆಯ ಸಾಕ್ಷಿ ಸುತ್ತಲಿನ ಕಲ್ಲು. ಕಾರ್ಬೊನಟೈಟ್ ನುಗ್ಗಿದ ಗ್ರಾನೈಟ್ ಅಥವಾ ನೈಸ್ ಶಿಲೆಯಲ್ಲಿ ಕ್ವಾರ್ಟ್ಸ್ ಕರಗಿಹೋಗಿ, ಅದರ ಜಾಗದಲ್ಲಿ ಸೋಡಿಯಂ ಪೈರಾಕ್ಸೀನ್, ಸೋಡಿಯಂ ಆಂಫಿಬೋಲ್, ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಬೆಳೆದಿರುತ್ತವೆ. ಬ್ರೋಗರ್ ಇದನ್ನು ಫೆನ್ ಪ್ರದೇಶದ ಹೆಸರಿನಿಂದ ಫೆನೈಟ್ ಎಂದು ಕರೆದರು. ಇಂದು ನೆಲದ ಮೇಲೆ ಸಿಗುವ ಕಾರ್ಬೊನಟೈಟ್‌ನಲ್ಲಿ ಸೋಡಿಯಂ ಅತ್ಯಲ್ಪ. ಆದರೆ ಅದರ ಸುತ್ತಲ ಫೆನೈಟ್‌ನಲ್ಲಿ ಸೋಡಿಯಂ ತುಂಬಿದೆ. ಮೂಲಪಾಕದಲ್ಲಿದ್ದ ಕ್ಷಾರಗಳನ್ನು ದ್ರವ ಹೊರಗೆ ಸಾಗಿಸಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಓಲ್ಡೊಯಿನ್ಯೊ ಲೆಂಗಾಯ್‌ನ ಲಾವಾ ಸೋಡಿಯಂ ಕಾರ್ಬೊನೇಟ್‌ಮಯವಾಗಿದ್ದು, ಹೊರಬಂದಾಗ ಕಪ್ಪಾಗಿರುತ್ತದೆ. ಗಾಳಿಯ ತೇವ ತಾಗಿದ ಕೆಲವೇ ದಿನಗಳಲ್ಲಿ ಬೆಳ್ಳಗಾಗಿ ಪುಡಿಯಾಗುತ್ತದೆ. ಪ್ರಾಚೀನ ಕಾರ್ಬೊನಟೈಟ್‌ಗಳಲ್ಲಿ ಸೋಡಿಯಂ ಉಳಿಯದೇ ಹೋದದ್ದು ಆಶ್ಚರ್ಯವಲ್ಲ.

ಹೊರುವುದು ಯಾವುದು?

ಮೂರು ಆವೇಶದ ಬರಿಯ ಅಯಾನಾಗಿ ವಿರಳ ಭೂಧಾತು ಬಿಸಿನೀರಿನಲ್ಲಿ ದೂರ ಹೋಗಲಾರದು. ಜೊತೆಗೆ ಒಂದು ಋಣ ಅಯಾನು ಬೇಕು. ಕ್ಲೋರೈಡ್, ಫ್ಲೋರೈಡ್, ಸಲ್ಫೇಟ್, ಕಾರ್ಬೊನೇಟ್, ಹೈಡ್ರಾಕ್ಸೈಡ್, ಫಾಸ್ಫೇಟ್ ಇದಕ್ಕೆ ಉಮೇದುವಾರರು. ಇವು ಧಾತುವನ್ನು ಸುತ್ತುವರಿದು ಕೂಡಿಕೊಂಡಾಗ ಆಗುವ ಜೋಡಿಯೇ ಸಂಕೀರ್ಣ ಅಯಾನು.

ಸ್ಕಾಟ್ ವುಡ್ 1990ರಲ್ಲಿ ಕೋಣೆಯ ತಾಪದ ಅಳತೆಗಳನ್ನು ಸಿದ್ಧಾಂತದ ನೆರವಿನಿಂದ ಮೇಲಿನ ತಾಪಕ್ಕೆ ವಿಸ್ತರಿಸಿ, ಫ್ಲೋರೈಡ್ ಸಂಕೀರ್ಣಗಳೇ ಅತ್ಯಂತ ಗಟ್ಟಿಯೆಂದು ತೋರಿಸಿದರು. ಕಾರ್ಬೊನಟೈಟ್ ಅದಿರುಗಳಲ್ಲಿ ಬಾಸ್ಟ್ನಸೈಟ್ ಎಂಬ ಫ್ಲೋರೊಕಾರ್ಬೊನೇಟ್ ಖನಿಜವೂ ಫ್ಲೋರೈಟೂ ಒಟ್ಟಿಗೇ ಸಿಗುತ್ತವೆ. ಹಾಗಾಗಿ ಫ್ಲೋರಿನ್ನೇ ಹೊತ್ತು ತಂದಿತು ಎಂಬ ತೀರ್ಮಾನ ಸಹಜವಾಗಿಯೇ ನೆಲೆಯೂರಿತು. ಎರಡು ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಇದ್ದದ್ದು ಇದೇ.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಆರ್ಟಾಸ್ ಮಿಗ್ದಿಸೊವ್ ಮತ್ತು ಎ. ಇ. ವಿಲಿಯಮ್ಸ್-ಜೋನ್ಸ್ ಊಹೆಯ ಬದಲು ಅಳತೆಗೆ ಇಳಿದರು. ಮುಚ್ಚಿದ ಪಾತ್ರೆಗಳಲ್ಲಿ ದ್ರಾವಣವನ್ನು 300 ಡಿಗ್ರಿವರೆಗೆ ಕಾಯಿಸಿ ಎಷ್ಟು ಧಾತು ಕರಗುತ್ತದೆಂದು ನೋಡಿದರು. 2009ರಲ್ಲಿ ಥಾಮಸ್ ವ್ಯಾಗ್ನರ್ ಜೊತೆ ಅವರು ಪ್ರಕಟಿಸಿದ ದತ್ತಾಂಶ ಹಳೆಯ ಚಿತ್ರವನ್ನು ತಿರುಗುಮುರುಗು ಮಾಡಿತು. ಫ್ಲೋರೈಡ್ ಸಂಕೀರ್ಣ ಗಟ್ಟಿಯಾದದ್ದೇ. ಆದರೆ ಬಿಸಿಯಾದ ಆಮ್ಲೀಯ ದ್ರಾವಣದಲ್ಲಿ ಫ್ಲೋರಿನ್ ಬಿಡಿ ಅಯಾನಾಗಿ ಇರುವುದಿಲ್ಲ, ಹೈಡ್ರೊಜನ್ ಜೊತೆ ಕೂಡಿ ಹೈಡ್ರೊಫ್ಲೋರಿಕ್ ಆಮ್ಲವಾಗಿ ಉಳಿಯುತ್ತದೆ. ಆಮ್ಲತೆ ಇಳಿದು ಫ್ಲೋರೈಡ್ ಬಿಡುಗಡೆಯಾದ ಕೂಡಲೇ ವಿರಳ ಭೂಧಾತುವಿನ ಫ್ಲೋರೈಡ್ ಖನಿಜ ತಳಕ್ಕಿಳಿಯುತ್ತದೆ, ಏಕೆಂದರೆ ಅದು ಕರಗುವುದು ಬಹಳ ಕಡಿಮೆ. ಹಾಗಾಗಿ ಫ್ಲೋರಿನ್ ಹೊರುವುದಲ್ಲ, ತಡೆಯುವುದು. ಕ್ಲೋರೈಡ್ ಸಂಕೀರ್ಣ ದುರ್ಬಲವಾದರೂ ದ್ರವದಲ್ಲಿ ಕ್ಲೋರಿನ್ ಹೇರಳ, ಅದರೊಡನೆ ಕೂಡಿದ ಧಾತು ಸುಲಭವಾಗಿ ಕರಗಿಯೂ ಇರುತ್ತದೆ. ಆದ್ದರಿಂದ ನಿಜವಾದ ಸಾಗಣೆದಾರ ಕ್ಲೋರೈಡ್, ಗಂಧಕ ಹೆಚ್ಚಿರುವಲ್ಲಿ ಸಲ್ಫೇಟ್ ಎಂಬುದು ಹೊಸ ನಿಲುವು. 2012 ಮತ್ತು 2016ರ ಅವರ ಸಮೀಕ್ಷಾ ಲೇಖನಗಳ ಬಳಿಕ ಇದೇ ಸಾಮಾನ್ಯ ಮತವಾಯಿತು.

ಇದೇ ಪ್ರಯೋಗಗಳು ಇನ್ನೊಂದು ಗಂಟನ್ನೂ ಬಿಡಿಸಿದವು. ಬಿಸಿ ದ್ರಾವಣದಲ್ಲಿ ಹಗುರ ಧಾತುಗಳ ಕ್ಲೋರೈಡ್ ಸಂಕೀರ್ಣಗಳು ಭಾರದವುಗಳಿಗಿಂತ ಗಟ್ಟಿ. ಹಾಗಾದರೆ ಒಂದೇ ದ್ರವದಲ್ಲಿ ಹೊರಟ ಲ್ಯಾಂಥನಂ ಮತ್ತು ಸೀರಿಯಂ ದೂರ ಹೋಗುತ್ತವೆ, ಇಟರ್ಬಿಯಂನಂಥವು ಹಿಂದೆ ಉಳಿಯುತ್ತವೆ. ಹಗುರ, ಭಾರ ಧಾತುಗಳು ಒಂದೇ ನಿಕ್ಷೇಪದಲ್ಲಿ ಬೇರೆಬೇರೆ ವಲಯಗಳಾಗಿ ಸಿಗುವುದಕ್ಕೆ ಇದು ಒಂದು ಕಾರಣ.

ಆದರೂ ಕಾರ್ಬೊನಟೈಟ್ ವಿಷಯದಲ್ಲಿ ಕ್ಲೋರೈಡ್ ವಾದಕ್ಕೆ ಒಂದು ತೊಡಕಿದೆ. ಕ್ಲೋರೈಡ್ ಧಾತುವನ್ನು ಹೊರಬೇಕಾದರೆ ದ್ರವ ಆಮ್ಲೀಯವಾಗಿರಬೇಕು. ದ್ರವ ಹರಿಯುವ ಗೋಡೆಗಳೋ ಕ್ಯಾಲ್ಸೈಟ್‌ನವು. ಆಮ್ಲ ತಾಗಿದೊಡನೆ ಕ್ಯಾಲ್ಸೈಟ್ ಕರಗಿ ಆಮ್ಲತೆಯನ್ನು ನುಂಗಿಬಿಡುತ್ತದೆ. ಅಂಥ ದ್ರವ ಕಾರ್ಬೊನಟೈಟ್‌ನೊಳಗೆ ಎಷ್ಟು ದೂರ ಸಾಗೀತು? ಈ ಪ್ರಶ್ನೆಯ ಬೆನ್ನುಹತ್ತಿದ ಎರಡು ಕೆಲಸಗಳು ಮುಖ್ಯ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಮೈಕಲ್ ಆನೆನ್‌ಬರ್ಗ್ ಮತ್ತು ಸಂಗಡಿಗರು 2020ರಲ್ಲಿ ಕೃತಕ ಕಾರ್ಬೊನಟೈಟ್ ಪಾಕವನ್ನು ಹೆಚ್ಚಿನ ಒತ್ತಡದಲ್ಲಿ 1,200 ಡಿಗ್ರಿಯಿಂದ 200 ಡಿಗ್ರಿವರೆಗೆ ಮೆಲ್ಲನೆ ತಣಿಸಿದರು. ಸೋಡಿಯಂ, ಪೊಟ್ಯಾಸಿಯಂ ಇದ್ದ ಪಾಕದಲ್ಲಿ ವಿರಳ ಭೂಧಾತುಗಳು ಕೊನೆಯವರೆಗೂ ಕರಗಿಯೇ ಉಳಿದು ಚಲಿಸಿದವು. ಸಿಲಿಕಾ ಇದ್ದಲ್ಲಿ ಅವು ಅಪಟೈಟ್‌ನೊಳಗೆ ಮೊದಲೇ ಬಂಧಿಯಾದವು. ಎಲ್ಲರೂ ಋಣ ಅಯಾನಿನತ್ತ ನೋಡುತ್ತಿದ್ದಾಗ ಇವರು ಕ್ಷಾರಲೋಹಗಳತ್ತ ಬೆರಳು ತೋರಿಸಿದರು. 2022ರಲ್ಲಿ ಮರಿಯೋಂ ಲೂವೆಲ್ ಮತ್ತು ಸಂಗಡಿಗರು ಸಿಂಕ್ರೊಟ್ರಾನ್ ಎಕ್ಸ್-ಕಿರಣಗಳನ್ನು ಬಿಸಿ ಕ್ಷಾರೀಯ ದ್ರಾವಣದ ಮೂಲಕ ಹಾಯಿಸಿ, ಅಲ್ಲಿ ಕಾರ್ಬೊನೇಟ್ ಅಯಾನುಗಳೇ ಧಾತುವನ್ನು ಸುತ್ತುವರಿದು ಕರಗಿಸಿಡುವುದನ್ನು ನೇರವಾಗಿ ಗುರುತಿಸಿದರು. ಇಂಗಾಲದಿಂದ ತುಂಬಿರುವ ಶಿಲೆಯೊಂದರಲ್ಲಿ ಇಂಗಾಲಕ್ಕೇ ಸಾಗಣೆಯ ಪಾತ್ರವಿಲ್ಲ ಎಂದು ಅಷ್ಟು ವರ್ಷ ನಂಬಿದ್ದು ಈಗ ವಿಚಿತ್ರವಾಗಿ ಕಾಣುತ್ತದೆ. ಹಳೆಯ ಮತ ಪೂರ್ತಿ ಬಿದ್ದುಹೋಗಿಲ್ಲ. ಕಾರ್ಬೊನಟೈಟ್‌ನ ಒಡಲಿನಲ್ಲಿ, ಬಿಸಿ ಹೆಚ್ಚಿರುವಾಗ ಕ್ಷಾರೀಯ ಕಾರ್ಬೊನೇಟ್ ದ್ರವ, ಹೊರವಲಯದಲ್ಲಿ ತಾಪ ಇಳಿದ ಮೇಲೆ ಕ್ಲೋರೈಡ್ ಮತ್ತು ಸಲ್ಫೇಟ್, ಹೀಗೆ ಸಾಗಣೆ ಕೈ ಬದಲಾಯಿಸುತ್ತದೆ ಎಂದು ಎರಡನ್ನೂ ಹೊಂದಿಸಿ ಓದುವುದೇ ಸರಿ.

ಇಳಿಯುವ ಜಾಗ, ಬದಲಾಗುವ ಖನಿಜ

ಎಷ್ಟೇ ಹೊತ್ತರೂ ಒಂದೆಡೆ ಇಳಿಸದಿದ್ದರೆ ಅದಿರಿಲ್ಲ. ಇಳಿಸುವ ಸಂದರ್ಭಗಳು ಹಲವು. ತಾಪ ಕುಗ್ಗಬಹುದು, ಮೇಲಿನಿಂದ ಇಳಿದ ತಣ್ಣನೆಯ ಅಂತರ್ಜಲ ಬೆರೆಯಬಹುದು, ದ್ರವ ಕುದಿದು ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಡಬಹುದು. ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು ಆಮ್ಲೀಯ ದ್ರವ ಕಾರ್ಬೊನೇಟ್ ಕಲ್ಲಿಗೆ ಎದುರಾಗುವುದು. ಕ್ಯಾಲ್ಸೈಟ್ ಕರಗಿದಾಗ ಒಂದೇ ಏಟಿಗೆ ಮೂರು ಕೆಲಸಗಳಾಗುತ್ತವೆ. ಆಮ್ಲತೆ ಕುಸಿಯುತ್ತದೆ. ಬಾಸ್ಟ್ನಸೈಟ್‌ಗೆ ಬೇಕಾದ ಕಾರ್ಬೊನೇಟ್ ದೊರೆಯುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಮಿಕ್ಕ ಫ್ಲೋರಿನ್ ಜೊತೆ ಕೂಡಿ ಫ್ಲೋರೈಟ್ ಆಗುತ್ತದೆ. ಕ್ಯಾಲ್ಸಿಯಂ ಪಾಲು ಹೆಚ್ಚಿದಂತೆ ಬಾಸ್ಟ್ನಸೈಟ್ ಬದಲು ಪ್ಯಾರಿಸೈಟ್, ಇನ್ನೂ ಹೆಚ್ಚಿದರೆ ಸಿಂಕಿಸೈಟ್ ಬೆಳೆಯುತ್ತದೆ. ರಂಜಕವಿದ್ದರೆ ಮೊನಜೈಟ್. ಈ ಖನಿಜಗಳ ಜೊತೆಜೊತೆಗೆ ಬೆರೈಟ್, ಸ್ಟ್ರಾಂಷಿಯನೈಟ್, ಕ್ವಾರ್ಟ್ಸ್, ಕಬ್ಬಿಣದ ಆಕ್ಸೈಡ್‌ಗಳು ಇರುವುದು ವಾಡಿಕೆ.

ಶಿಲಾಪಾಕದ ಕೊನೆಯಲ್ಲಿ ಹುಟ್ಟುವ ಬರ್ಬ್ಯಾಂಕೈಟ್, ಕಾರ್ಬೊಸೆರ್ನೈಟ್ ಎಂಬ ಖನಿಜಗಳಲ್ಲಿ ಸೋಡಿಯಂ, ಸ್ಟ್ರಾಂಷಿಯಂ ಮತ್ತು ವಿರಳ ಭೂಧಾತುಗಳು ಒಟ್ಟಿಗಿರುತ್ತವೆ. ನೀರು ತಾಗಿದರೆ ಇವು ತಾಳುವುದಿಲ್ಲ. ಟಾಂಜಾನಿಯಾದ ವಿಗು ಹಿಲ್‌ನಲ್ಲಿ ಆರುಮೂಲೆಯ ಸ್ಫಟಿಕಗಳ ಹೊರ ಆಕಾರ ಹಾಗೇ ಉಳಿದು ಒಳಗೆಲ್ಲ ಬಾಸ್ಟ್ನಸೈಟ್ ಜಾತಿಯ ಹೊಸ ಖನಿಜಗಳು ತುಂಬಿಕೊಂಡಿವೆ. ಹಳೆಯ ಖನಿಜ ಕರಗಿದ ಜಾಗದಲ್ಲೇ ಹೊಸದು ಬೆಳೆದಿದೆ, ಸೋಡಿಯಂ ಮಾತ್ರ ಹೊರಟುಹೋಗಿದೆ. ಅಂದರೆ ಬಿಸಿದ್ರವದ ಕೆಲಸ ಕೆಲವೊಮ್ಮೆ ಕಿಲೊಮೀಟರುಗಟ್ಟಲೆ ಪ್ರಯಾಣ, ಕೆಲವೊಮ್ಮೆ ಒಂದು ಹರಳಿನೊಳಗಿನ ಮರುಜೋಡಣೆ. ಎರಡನ್ನೂ ಸಾಗಣೆ ಎಂದೇ ಕರೆದು ಗೊಂದಲ ಮಾಡಿಕೊಂಡ ಬರಹಗಳು ಕಡಿಮೆಯೇನಲ್ಲ.

ಭಾರದ ಧಾತುಗಳು ಈ ಕಥೆಯಲ್ಲಿ ಕಡೆಗೆ ಬರುತ್ತವೆ. ಮಲಾವಿಯ ಸೋಂಗ್ವೆ ಹಿಲ್‌ನಲ್ಲಿ ತಡವಾಗಿ ಬೆಳೆದ ಅಪಟೈಟ್‌ನ ಅಂಚುಗಳು ಭಾರದ ಧಾತುಗಳಲ್ಲಿ ಸಮೃದ್ಧವಾಗಿವೆ. ನಮೀಬಿಯಾದ ಲೊಫ್ಡಾಲ್‌ನಲ್ಲಿ ಅವು ಕ್ಸೆನೊಟೈಮ್ ಎಂಬ ಖನಿಜವಾಗಿ ಕಾರ್ಬೊನಟೈಟ್ ಒಡ್ಡುಗಳ ಸುತ್ತ ಬದಲಾದ ಶಿಲೆಯಲ್ಲಿ ಕೂತಿವೆ. ಇಂಥ ಕಡೆ ಹಗುರ ಧಾತುಗಳು ಮೊದಲೇ ಖನಿಜಗಳಾಗಿ ಇಳಿದಿದ್ದರಿಂದ ಉಳಿದ ದ್ರವ ಭಾರದವುಗಳಲ್ಲಿ ಸಿರಿವಂತವಾಯಿತು ಎಂಬುದು ಒಂದು ವಿವರಣೆ.

ಜಗತ್ತಿನ ಗಣಿಗಳು

ಚೀನಾದ ಒಳಮಂಗೋಲಿಯಾದಲ್ಲಿರುವ ಬಾಯನ್ ಓಬೊ ಜಗತ್ತಿನ ಅತಿ ದೊಡ್ಡ ವಿರಳ ಭೂಧಾತು ನಿಕ್ಷೇಪ. 1927ರಲ್ಲಿ ಡಿಂಗ್ ದಾವ್‌ಹೆಂಗ್ ಇದನ್ನು ಕಬ್ಬಿಣದ ಅದಿರಾಗಿ ಗುರುತಿಸಿದರು. ಸುಮಾರು 130 ಕೋಟಿ ವರ್ಷಗಳ ಹಿಂದೆ ಕಾರ್ಬೊನಟೈಟ್ ತಂದ ಧಾತುಗಳನ್ನು ಸುಮಾರು 44 ಕೋಟಿ ವರ್ಷಗಳ ಹಿಂದಿನ ಬಿಸಿದ್ರವಗಳು ಮತ್ತೆ ಕಲಕಿ ಹೊಸ ಎಳೆಗಳಾಗಿ ಹರಡಿದವು. ಇದರಿಂದಾಗಿ ಅಲ್ಲಿನ ಖನಿಜಗಳ ವಯಸ್ಸು ಅಳೆದವರಿಗೆಲ್ಲ ಬೇರೆಬೇರೆ ಉತ್ತರ ಬರುತ್ತಿತ್ತು. ಸಿಚುವಾನ್‌ನ ಮಾವೊನ್ಯೂಪಿಂಗ್ ಭೂವೈಜ್ಞಾನಿಕವಾಗಿ ಎಳೆಯದು. ಅಲ್ಲಿ ಸಲ್ಫೇಟ್ ತುಂಬಿದ ಕಡುಲವಣ ದ್ರವದ ಹನಿಗಳು ಸಿಕ್ಕಿವೆ, ಬಾಸ್ಟ್ನಸೈಟ್ ಬೆರೈಟ್-ಫ್ಲೋರೈಟ್‌ಗಳ ನಂತರ ಬೆಳೆದಿದೆ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಮಾತ್ರ ನಿಯಮಕ್ಕೆ ಹೊರತು. 1949ರಲ್ಲಿ ಪತ್ತೆಯಾದ ಆ ನಿಕ್ಷೇಪದಲ್ಲಿ ಬಾಸ್ಟ್ನಸೈಟ್‌ನ ಬಹುಪಾಲು ಶಿಲಾಪಾಕದಿಂದಲೇ ನೇರ ಸ್ಫಟಿಕವಾಗಿದೆ ಎಂಬುದು ಹೆಚ್ಚಿನವರ ಮತ. ಪಶ್ಚಿಮ ಆಸ್ಟ್ರೇಲಿಯಾದ ಮೌಂಟ್ ವೆಲ್ಡ್‌ನಲ್ಲಿ ಕಾರ್ಬೊನಟೈಟ್ ಮೇಲಿನ ಜಂಬಿಟ್ಟಿಗೆ ಪದರದಲ್ಲಿ ಅದಿರಿದೆ. ಅಲ್ಲಿ ಸಾಂದ್ರಗೊಳಿಸಿದ್ದು ಬಿಸಿದ್ರವವಲ್ಲ, ತಣ್ಣನೆಯ ಮಳೆನೀರು.

ಭಾರತದಲ್ಲಿ

ಗುಜರಾತಿನ ಛೋಟಾ ಉದೇಪುರ ಜಿಲ್ಲೆಯ ಅಂಬಾ ಡೊಂಗರ್ ಈ ವಿಷಯಕ್ಕೆ ಭಾರತದ ಅತ್ಯುತ್ತಮ ಪಾಠಶಾಲೆ. ಆರ್. ಎನ್. ಸುಖೇಶ್ವಾಲಾ ಮತ್ತು ಜಿ. ಆರ್. ಉದಾಸ್ 1963ರಲ್ಲಿ ಇದನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದರು. ದಖನ್ ಲಾವಾಗಳ ಕಾಲಕ್ಕೆ ಸೇರಿದ, ಸುಮಾರು 6.5 ಕೋಟಿ ವರ್ಷ ಹಳೆಯ ಉಂಗುರಾಕಾರದ ಗುಡ್ಡವಿದು. ಹೊರಗೆ ಫೆನೈಟ್ ಆಗಿ ಮಾರ್ಪಟ್ಟ ಮರಳುಗಲ್ಲು, ಅದರೊಳಗೆ ಕ್ಯಾಲ್ಸೈಟ್ ಕಾರ್ಬೊನಟೈಟ್‌ನ ಉಂಗುರ, ನಡುವೆ ಬಸಾಲ್ಟ್, ಅಲ್ಲಲ್ಲಿ ತಡವಾಗಿ ನುಗ್ಗಿದ ಕಂದುಬಣ್ಣದ ಆಂಕರೈಟ್ ಕಾರ್ಬೊನಟೈಟ್. ಕಾರ್ಬೊನಟೈಟ್ ಮತ್ತು ಮರಳುಗಲ್ಲು ಕೂಡುವ ಅಂಚಿನಲ್ಲಿ ಫ್ಲೋರೈಟ್ ದಪ್ಪನಾಗಿ ಕೂತಿದೆ. ಕಾಡಿಪಾನಿಯಲ್ಲಿ ಗುಜರಾತ್ ಖನಿಜ ಅಭಿವೃದ್ಧಿ ನಿಗಮ ಇದನ್ನು ದಶಕಗಳಿಂದ ತೆಗೆದಿದೆ. 1973ರಲ್ಲಿ ಎಡ್ವಿನ್ ರೋಡರ್ ಇಲ್ಲಿನ ಫ್ಲೋರೈಟ್‌ನೊಳಗಿನ ಹನಿಗಳನ್ನು ನೋಡಿದಾಗ ಅವು ಅಷ್ಟೇನೂ ಬಿಸಿಯಲ್ಲದ, ಉಪ್ಪು ಕಡಿಮೆಯಿರುವ ನೀರು ಎಂದು ಕಂಡರು. 1996ರಲ್ಲಿ ಪಾಮರ್ ಮತ್ತು ವಿಲಿಯಮ್ಸ್-ಜೋನ್ಸ್ ಕಾರ್ಬೊನಟೈಟ್‌ನ ದ್ರವದೊಡನೆ ಅಂತರ್ಜಲ ಬೆರೆತದ್ದನ್ನು ವಿವರಿಸಿದರು. ವಿರಳ ಭೂಧಾತುಗಳು ಸೇರಿರುವುದು ಬಹುಮಟ್ಟಿಗೆ ಕಂದು ಆಂಕರೈಟ್ ಶಿಲೆಯಲ್ಲಿ, ಬಾಸ್ಟ್ನಸೈಟ್, ಪ್ಯಾರಿಸೈಟ್, ಸಿಂಕಿಸೈಟ್, ಮೊನಜೈಟ್, ಫ್ಲೋರೆನ್ಸೈಟ್ ರೂಪದಲ್ಲಿ. ಎ. ಡೊರೊಶ್ಕೆವಿಚ್, ಎಸ್. ಜಿ. ವಿಲಾಡ್ಕರ್ ಮತ್ತಿತರರು 2009ರಲ್ಲಿ ಇವುಗಳ ಹುಟ್ಟನ್ನು ಬಿಸಿದ್ರವದ ಹಂತಗಳಿಗೆ ಜೋಡಿಸಿದರು. ಫ್ಲೋರಿನ್ ಇಳಿದ ಅಂಚು ಮತ್ತು ವಿರಳ ಭೂಧಾತು ಇಳಿದ ಒಡಲು ಎರಡನ್ನೂ ಒಂದೇ ಗುಡ್ಡದಲ್ಲಿ ಬೇರೆಬೇರೆಯಾಗಿ ನೋಡಬಹುದಾದ ಜಾಗ ಇದು.

ರಾಜಸ್ಥಾನದ ಬಾಡಮೇರ್ ಸೀಮೆಯ ಕಾಮಥೈ ಗುಡ್ಡ ಸರ್ನು-ದಂಡಾಲಿ ಶಿಲಾಸಮೂಹದ ಭಾಗ. ಎಸ್. ಕೆ. ಭೂಷಣ್ ಮತ್ತು ಎ. ಕುಮಾರ್ 2013ರಲ್ಲಿ ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಇದನ್ನು ಭಾರತದ ಮೊದಲ ಕಾರ್ಬೊನಟೈಟ್ ವಿರಳ ಭೂಧಾತು ನಿಕ್ಷೇಪವೆಂದು ವರದಿ ಮಾಡಿದರು. ಅಲ್ಲಿನ ಕೆಲವು ಮಾದರಿಗಳಲ್ಲಿ ಹಗುರ ಧಾತುಗಳ ಪ್ರಮಾಣ ಶೇ. 17 ಮುಟ್ಟಿದೆ. ಕಾರ್ಬೊಸೆರ್ನೈಟ್, ಆನ್ಸಿಲೈಟ್, ಬಾಸ್ಟ್ನಸೈಟ್, ಸಿಂಕಿಸೈಟ್ ಒಂದೇ ಕಲ್ಲಿನಲ್ಲಿ ಕಾಣಸಿಗುವುದರಿಂದ ಮೂಲ ಖನಿಜ ದ್ರವದ ಕೈಗೆ ಸಿಕ್ಕಿ ಬದಲಾದ ಹಂತಗಳನ್ನು ಇಲ್ಲಿ ಓದಬಹುದು. 2025ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದಂತೆ ಗುಜರಾತ್ ಮತ್ತು ರಾಜಸ್ಥಾನದ ಗಟ್ಟಿ ಶಿಲೆಗಳಲ್ಲಿ ಅಂದಾಜಾಗಿರುವ ವಿರಳ ಭೂಧಾತು ಆಕ್ಸೈಡ್ 12.9 ಲಕ್ಷ ಟನ್. ಕಡಲತೀರದ ಮರಳಿನ ಮೊನಜೈಟ್‌ನಲ್ಲಿರುವುದು ಇದಕ್ಕಿಂತ ಎಷ್ಟೋ ಹೆಚ್ಚು, 72.3 ಲಕ್ಷ ಟನ್. ಆದರೆ ಮೊನಜೈಟ್‌ನಲ್ಲಿ ಥೋರಿಯಂ ಇರುವುದರಿಂದ ಅದು ಅಣುಶಕ್ತಿ ಇಲಾಖೆಯ ಕಟ್ಟುಪಾಡಿಗೆ ಒಳಪಟ್ಟಿದೆ.

ಕನ್ನಡನಾಡಿನ ಅಂಚಿಗೆ ಬಂದರೆ ಮೊದಲು ಸಿಗುವುದು ಹೊಗೆನಕಲ್. ಕಾವೇರಿಯ ಒಂದು ದಡ ಚಾಮರಾಜನಗರ ಜಿಲ್ಲೆಗೆ, ಇನ್ನೊಂದು ತಮಿಳುನಾಡಿನ ಧರ್ಮಪುರಿಗೆ ಸೇರಿದ ಈ ಜಲಪಾತ ಪ್ರವಾಸಿಗರಿಗೆ ಪರಿಚಿತ. ಇಲ್ಲಿಯ ಪೈರಾಕ್ಸಿನೈಟ್ ಶಿಲೆಯ ನಡುವೆ ನುಗ್ಗಿದ ಕಾರ್ಬೊನಟೈಟ್ ಮಾತ್ರ ಭೂವಿಜ್ಞಾನಿಗಳ ವಲಯದಾಚೆ ಹೆಚ್ಚು ಗೊತ್ತಿಲ್ಲ. 1998ರಲ್ಲಿ ಪ್ರಕಟವಾದ ಸಮೇರಿಯಂ-ನಿಯೋಡಿಮಿಯಂ ಅಳತೆಯಂತೆ ಇದರ ವಯಸ್ಸು ಸುಮಾರು 240 ಕೋಟಿ ವರ್ಷ, ಜಗತ್ತಿನ ಹಳೆಯ ಕಾರ್ಬೊನಟೈಟ್‌ಗಳಲ್ಲಿ ಒಂದು. ಪೂರ್ವಕ್ಕೆ ತಿರುಪತ್ತೂರು ಬಳಿಯ ಸೇವತ್ತೂರಿನದು ಸುಮಾರು 77 ಕೋಟಿ ವರ್ಷದ್ದು. ಅಲ್ಲಿ ಅಪಟೈಟ್, ವರ್ಮಿಕ್ಯುಲೈಟ್, ಯುರೇನಿಯಂಯುಕ್ತ ಪೈರೊಕ್ಲೋರ್ ಹೆಸರುವಾಸಿ. ಕೃಷ್ಣಗಿರಿ ಜಿಲ್ಲೆಯ ಸಾಮಲ್‌ಪಟ್ಟಿ ಅದರ ನೆರೆಯದು. ಇವೆಲ್ಲ ಧರ್ಮಪುರಿ ಸೀಮೆಯನ್ನು ಸೀಳಿದ ಒಂದೇ ಭ್ರಂಶವಲಯದ ಉದ್ದಕ್ಕೂ ಸಾಲಾಗಿವೆ. ಅಂಬಾ ಡೊಂಗರ್ ನೆಲಮಟ್ಟದ ಹತ್ತಿರವೇ ತಣಿದ ಗುಡ್ಡ. ಹೊಗೆನಕಲ್‌ನದು ಭೂಚಿಪ್ಪಿನ ಆಳದ ಶಿಲೆಗಳ ನಡುವಿನದು, ಮೇಲಿನ ಪದರಗಳೆಲ್ಲ ಸವೆದುಹೋದ ಮೇಲೆ ನಮಗೆ ಕಾಣುತ್ತಿರುವುದು. ತಣ್ಣನೆಯ ಅಂತರ್ಜಲ ಬೆರೆಯುವ, ಫ್ಲೋರೈಟ್ ಕೂರುವ ಮೇಲಿನ ವಲಯ ಇಂಥ ಕಡೆ ಇದ್ದಿದ್ದರೂ ಅದು ಎಂದೋ ಕೊಚ್ಚಿಹೋಗಿರುತ್ತದೆ. ದಕ್ಷಿಣದ ಕಾರ್ಬೊನಟೈಟ್‌ಗಳು ಪಶ್ಚಿಮದವುಗಳಂತೆ ವಿರಳ ಭೂಧಾತು ಅದಿರಾಗಿ ಹೆಸರು ಮಾಡದಿರುವುದನ್ನು ಈ ದೃಷ್ಟಿಯಿಂದ ನೋಡಬೇಕು. ಕಲ್ಲು ಕಾರ್ಬೊನಟೈಟ್ ಹೌದೋ ಅಲ್ಲವೋ ಎಂಬುದಷ್ಟೇ ಸಾಲದು, ದ್ರವ ಇಳಿಸಿಹೋದ ಮಟ್ಟ ಇನ್ನೂ ಉಳಿದಿದೆಯೇ ಎಂಬುದು ಮೊದಲ ಪ್ರಶ್ನೆಯಾಗಬೇಕು.

ಹೈದರಾಬಾದಿನ ಪಾಲು

ಹೈದರಾಬಾದಿನ ಕಾಲಡಿಯಲ್ಲಿ ಕಾರ್ಬೊನಟೈಟ್ ಇಲ್ಲ. ಇಡೀ ನಗರ ನಿಂತಿರುವುದು ಬೂದು ಮತ್ತು ನಸುಗೆಂಪು ಗ್ರಾನೈಟ್ ಮೇಲೆ. ಆದರೆ ಈ ಧಾತುಗಳ ಬಳಕೆ ಕಣ್ಣಿಗೆ ಬೀಳಬೇಕಾದರೆ ಅಲ್ಲಿನ ಕೋಠಿ ಮಾರುಕಟ್ಟೆಯ ಗುಜರಾತಿ ಗಲ್ಲಿಗೆ ಹೋದರೆ ಸಾಕು. ಅಲ್ಲಿ ಮಾರುವ ಇಯರ್‌ಫೋನು, ಪುಟ್ಟ ಸ್ಪೀಕರುಗಳೊಳಗಿನ ಅಯಸ್ಕಾಂತ ಬಹುಪಾಲು ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಮಿಶ್ರಲೋಹದ್ದು. ಆ ನಿಯೋಡಿಮಿಯಂ ಹೆಚ್ಚಾಗಿ ಬರುವುದು ಚೀನಾದಿಂದ. 2025ರ ಏಪ್ರಿಲ್‌ನಲ್ಲಿ ಚೀನಾ ಸಮೇರಿಯಂ, ಡಿಸ್ಪ್ರೋಸಿಯಂ, ಟೆರ್ಬಿಯಂ ಸೇರಿ ಏಳು ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಭಾರತದ ವಾಹನ ಕಾರ್ಖಾನೆಗಳು ಅಯಸ್ಕಾಂತಕ್ಕಾಗಿ ಪರದಾಡಿದವು.

ಕಾರ್ಬೊನಟೈಟ್ ಅಧ್ಯಯನಕ್ಕೆ ಈ ನಗರದ ಕೊಡುಗೆ ದೊಡ್ಡದು. 1949ರಲ್ಲಿ ವಿರಳ ಖನಿಜಗಳ ಸಮೀಕ್ಷಾ ಘಟಕವಾಗಿ ಹುಟ್ಟಿದ ಸಂಸ್ಥೆ ಇಂದು ಪರಮಾಣು ಖನಿಜ ನಿರ್ದೇಶನಾಲಯ. ಬೇಗಂಪೇಟೆಯಲ್ಲಿ ಅದರ ಕೇಂದ್ರ ಕಚೇರಿಯಿದೆ. ಅಂಬಾ ಡೊಂಗರ್‌ನಲ್ಲಿ ಕೊಳವೆ ಕೊರೆದು ಅದಿರಿನ ಪ್ರಮಾಣ ಲೆಕ್ಕಹಾಕಿದ್ದು ಇದೇ ನಿರ್ದೇಶನಾಲಯ. ಅಲ್ಲಿ ದುಡಿದ ಪಿ. ಕೃಷ್ಣಮೂರ್ತಿ ಭಾರತದ ಕಾರ್ಬೊನಟೈಟ್‌ಗಳನ್ನು ಕುರಿತು 1988ರಲ್ಲೂ 2019ರಲ್ಲೂ ಬರೆದ ಸಮೀಕ್ಷೆಗಳು ಈ ವಿಷಯಕ್ಕೆ ಇಂದಿಗೂ ಪ್ರವೇಶದ್ವಾರ. 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಅನಿಲ್ ಕುಮಾರ್, ಕೆ. ಗೋಪಾಲನ್ ಮತ್ತು ಸಂಗಡಿಗರೇ ಹೊಗೆನಕಲ್, ಸೇವತ್ತೂರುಗಳ ವಯಸ್ಸನ್ನು ನಿರ್ಧರಿಸಿದವರು. 1994ರಲ್ಲಿ ಹೊಗೆನಕಲ್‌ಗೆ ಸುಮಾರು 200 ಕೋಟಿ ವರ್ಷ ಎಂದಿದ್ದ ಲೆಕ್ಕವನ್ನು ಅವರು 1998ರಲ್ಲಿ 240 ಕೋಟಿಗೆ ಏರಿಸಿದರು. ಬಿಸಿದ್ರವ ಕಲಕಿದ ಶಿಲೆಯಲ್ಲಿ ವಯಸ್ಸು ಅಳೆಯುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದನ್ನು ಬಲ್ಲವರಿಗೆ ಈ ತಿದ್ದುಪಡಿ ಸೋಜಿಗ ತರುವುದಿಲ್ಲ. ಅದೇ ಸಂಸ್ಥೆಯ ವಿಜ್ಞಾನಿಗಳು 2023ರಲ್ಲಿ ಅನಂತಪುರ ಜಿಲ್ಲೆಯ ದಂಚೆರ್ಲ, ಪೆದ್ದವಡುಗೂರು ಸುತ್ತಲ ಸಯನೈಟ್ ಶಿಲೆಗಳಲ್ಲಿ ಹಗುರ ವಿರಳ ಭೂಧಾತುಗಳನ್ನು ಗುರುತಿಸಿದರು. ಅದು ಕಾರ್ಬೊನಟೈಟ್ ಅಲ್ಲ. ಆದರೂ ಅಲನೈಟ್, ಮೊನಜೈಟ್ ಜೊತೆಗೆ ಫ್ಲೋರೈಟೂ ಕಂಡಿರುವುದರಿಂದ ಅಲ್ಲಿ ದ್ರವದ ಹೆಜ್ಜೆಯನ್ನು ಹುಡುಕುವುದು ಸಾರ್ಥಕ.

ಅದಿರಿನ ಸಂಸ್ಕರಣೆ

ಬಿಸಿದ್ರವದ ಕೆಲಸ ಕೊನೆಗೆ ಕಾಡುವುದು ಅದಿರು ಸಂಸ್ಕರಿಸುವವರನ್ನು. ಶಿಲಾಪಾಕದಿಂದ ನಿಧಾನವಾಗಿ ಬೆಳೆದ ಮೌಂಟನ್ ಪಾಸ್‌ನ ಬಾಸ್ಟ್ನಸೈಟ್ ಹರಳುಗಳು ದಪ್ಪ. ಅವನ್ನು ಅರೆದು ನೊರೆತೇಲಿಕೆಯ ವಿಧಾನದಿಂದ ಬೇರ್ಪಡಿಸುವುದು ಸಾಧ್ಯವಾಯಿತು. ದ್ರವ ಇಳಿಸಿದ ಖನಿಜಗಳು ಸಾಮಾನ್ಯವಾಗಿ ನವುರು, ಆಂಕರೈಟ್, ಬೆರೈಟ್, ಕಬ್ಬಿಣದ ಆಕ್ಸೈಡ್‌ಗಳ ನಡುವೆ ಹೆಣೆದುಕೊಂಡಿರುತ್ತವೆ. ಬಾಸ್ಟ್ನಸೈಟ್ ಮತ್ತು ಪ್ಯಾರಿಸೈಟ್ ಒಂದೇ ಹರಳಿನಲ್ಲಿ ಪದರಪದರವಾಗಿಯೂ ಬೆಳೆಯುತ್ತವೆ. ಇವನ್ನು ಬಿಡಿಸಲು ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆಯಬೇಕು, ಅಷ್ಟು ನುಣ್ಣಗಾದ ಪುಡಿ ತೇಲಿಕೆಯಲ್ಲಿ ಕೈತಪ್ಪುತ್ತದೆ. ಹಾಗಾಗಿ ಅಂಬಾ ಡೊಂಗರ್ ಅಥವಾ ಕಾಮಥೈಯ ಬಗ್ಗೆ ಟನ್ನುಗಳ ಲೆಕ್ಕ ಹೇಳುವಾಗ ಧಾತು ಯಾವ ಖನಿಜದಲ್ಲಿದೆ, ಹರಳು ಎಷ್ಟು ದಪ್ಪ, ಜೊತೆಯಲ್ಲಿ ಥೋರಿಯಂ ಎಷ್ಟು ಎಂಬ ಮೂರನ್ನೂ ಕೂಡಿಯೇ ಹೇಳಬೇಕಾಗುತ್ತದೆ.